ಎಂಟು ಅಡಿ ಯಾಕೆ?

ಫ್ರಾಂಕೆನ್‌ಸ್ಟೈನ್ ಅನ್ನೋದು ರಾಕ್ಷಸನ ಹೆಸರು ಅಂತಾನೇ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದೇವೆ. ಅಲ್ಲ, ಅದು ಅವನನ್ನು ಸೃಷ್ಟಿಸಿದವನ ಹೆಸರು. ಮೇರಿ ಶೆಲ್ಲಿ ತನ್ನ 18ನೇ ವಯಸ್ಸಿನಲ್ಲಿ ಬರೆಯಲು ಶುರುಮಾಡಿದ, 1818ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ರಾಕ್ಷಸನಿಗೆ ಹೆಸರೇ ಇಲ್ಲ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಬಿಳಿ ಗಡ್ಡದ ಮುದಿ ವಿಜ್ಞಾನಿಯೂ ಅಲ್ಲ. ಹದಿನೇಳಕ್ಕೆ ಮನೆ ಬಿಟ್ಟು ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯಕ್ಕೆ ಓದಲು ಹೋದ ಹುಡುಗ. ಅಂದ್ರೆ ಹೆಚ್ಚುಕಮ್ಮಿ ನಮ್ಮ ವಯಸ್ಸಿನವನು.

'ದೇವರ ಕೆಲಸಕ್ಕೆ ಕೈ ಹಾಕಿದ, ಅನುಭವಿಸಿದ' ಅಂತ ಈ ಕಥೆಯನ್ನು ಮುಗಿಸಿಬಿಡುವುದು ಸುಲಭ. ನಾವು ಅದನ್ನು ಒಪ್ಪುವುದಿಲ್ಲ. ಹೊಸದನ್ನು ಕಟ್ಟುವ ಆಸೆಯೇ ತಪ್ಪಾದರೆ ನಾವೆಲ್ಲ ಇಲ್ಲಿಗೆ ಬರಲೇಬಾರದಿತ್ತು. ತಪ್ಪು ಬೇರೆ ಕಡೆ ಇದೆ.

ಮೊದಲು ಅವನ ಡಿಸೈನ್ ನೋಡಿ. ದೇಹದ ಭಾಗಗಳು ತೀರಾ ಸಣ್ಣವು, ಕೆಲಸ ನಿಧಾನ ಆಗುತ್ತೆ ಅಂತ ವಿಕ್ಟರ್ ಮೊದಲಿನ ಯೋಚನೆ ಬಿಟ್ಟು ಎಂಟು ಅಡಿಯ ಜೀವಿಯನ್ನು ಮಾಡಲು ಹೊರಡುತ್ತಾನೆ. ಅಷ್ಟು ಎತ್ತರದವನು ಜನರ ನಡುವೆ ಹೇಗೆ ಬದುಕಬೇಕು ಅನ್ನೋ ಪ್ರಶ್ನೆ ಅವನಿಗೆ ಬರಲೇ ಇಲ್ಲ. ಮುಂದೆ ಹಳ್ಳಿಯವರು ಕಲ್ಲು ಹೊಡೆದು ಓಡಿಸಿದ್ದು ಆ ಜೀವಿಯನ್ನು, ಅವಸರ ಮಾಡಿದವನನ್ನಲ್ಲ.

ಸುಮಾರು ಎರಡು ವರ್ಷದ ದುಡಿಮೆಯ ನಂತರ, ನವೆಂಬರಿನ ಒಂದು ರಾತ್ರಿ ಅದು ಕಣ್ಣು ಬಿಡುತ್ತದೆ. ವಿಕ್ಟರ್ ಕೋಣೆಯಿಂದ ಓಡಿಹೋಗುತ್ತಾನೆ. ಅದು ಹುಡುಕಿಕೊಂಡು ಬಂದು ಕೈ ಚಾಚಿದರೆ ಮತ್ತೆ ಓಡುತ್ತಾನೆ. ಮರುದಿನ ಬಂದು ನೋಡಿದಾಗ ಕೋಣೆ ಖಾಲಿ. ಎಲ್ಲಿ ಹೋಯ್ತು ಅಂತ ಹುಡುಕುವುದು ಬಿಟ್ಟು ಖುಷಿಯಿಂದ ಚಪ್ಪಾಳೆ ತಟ್ಟುತ್ತಾನೆ!

ಆಮೇಲೆ ಅವನ ಪುಟ್ಟ ತಮ್ಮನ ಕೊಲೆಯಾಗುತ್ತದೆ. ಆರೋಪ ಮನೆಯಲ್ಲೇ ಬೆಳೆದ ಜಸ್ಟೀನ್ ಎಂಬ ಹುಡುಗಿಯ ಮೇಲೆ. ಕೊಂದದ್ದು ಯಾರು ಅನ್ನೋದರಲ್ಲಿ ವಿಕ್ಟರ್‌ಗೆ ಅನುಮಾನವೇ ಇಲ್ಲ. ಆದರೆ ಹೇಳಿದರೆ ಹುಚ್ಚ ಅಂತಾರೆ ಅಂತ ಬಾಯಿ ಬಿಡುವುದಿಲ್ಲ. ಜಸ್ಟೀನ್ ಮರಣದಂಡನೆಗೆ ಗುರಿಯಾಗುತ್ತಾಳೆ.

ಈಗ ನಮ್ಮ ಪ್ರಾಜೆಕ್ಟ್‌ಗಳಿಗೆ ಬರೋಣ. ಡೆಡ್‌ಲೈನ್ ಹತ್ತಿರ ಬಂತು ಅಂತ ಟೆಸ್ಟಿಂಗ್ ಬಿಡೋದು. ಡೆಮೊದಲ್ಲಿ ಒಂದು ಸಲ ಓಡಿದರೆ ಸಾಕು, ಆಮೇಲೆ ಆ ಕಡೆ ತಿರುಗಿಯೂ ನೋಡದಿರೋದು. ಬಗ್ ಗೊತ್ತಿದ್ದರೂ ವೈವಾದಲ್ಲಿ ಯಾರೂ ಕೇಳಲಿಲ್ಲ ಅಂತ ಸುಮ್ಮನಿರೋದು. ಇವತ್ತು ಇದರಿಂದ ಹೋಗೋದು ನಾಲ್ಕು ಮಾರ್ಕ್ಸ್ ಇರಬಹುದು. ನಾಳೆ ಲಿಫ್ಟು, ಬ್ರೇಕು, ಆಸ್ಪತ್ರೆಯ ಯಂತ್ರಗಳನ್ನು ಮಾಡುವವರೂ ನಾವೇ. ಅಭ್ಯಾಸ ಮಾತ್ರ ಇಲ್ಲೇ ಆಗಿಬಿಟ್ಟಿರುತ್ತದೆ.

ಕಾದಂಬರಿಯಲ್ಲಿ ಇನ್ನೊಬ್ಬ ಮಹತ್ವಾಕಾಂಕ್ಷಿಯೂ ಇದ್ದಾನೆ: ಉತ್ತರ ಧ್ರುವಕ್ಕೆ ಹೊರಟ ವಾಲ್ಟನ್. ಹಡಗು ಮಂಜಿನಲ್ಲಿ ಸಿಕ್ಕಿಕೊಂಡಾಗ ನಾವಿಕರು ಹಿಂದಿರುಗೋಣ ಅನ್ನುತ್ತಾರೆ. ಸಾಯುವ ಸ್ಥಿತಿಯಲ್ಲಿರುವ ವಿಕ್ಟರ್ ಅವರನ್ನೇ ಹೇಡಿಗಳೆಂದು ಬೈಯುತ್ತಾನೆ. ವಾಲ್ಟನ್‌ಗೆ ಹೊಟ್ಟೆಯುರಿದರೂ ಅವರ ಮಾತಿಗೆ ಒಪ್ಪುತ್ತಾನೆ. ಧ್ರುವ ಮುಟ್ಟಿದ ಕೀರ್ತಿ ಸಿಗಲಿಲ್ಲ, ಆದರೆ ಅವನನ್ನು ನಂಬಿ ಬಂದವರು ಮನೆಯ ದಾರಿ ಹಿಡಿದರು.

ಅಷ್ಟು ದೊಡ್ಡ ತ್ಯಾಗ ನಮ್ಮನ್ನು ಯಾರೂ ಕೇಳುತ್ತಿಲ್ಲ. ಈ ಸಲದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದು ಪುಟ ಜಾಸ್ತಿ ಬರೆಯೋಣ: ನಾವು ಮಾಡಿದ್ದು ಎಲ್ಲೆಲ್ಲಿ ಕೈಕೊಡುತ್ತೆ ಅಂತ. ಕೆಳಗೆ ನಮ್ಮ ಹೆಸರೂ ಇರಲಿ.