ಬೆಲೆಯಿಲ್ಲದ ಕಸವನ್ನೇ ಎತ್ತೋಣ

ದಾರಿಯಲ್ಲಿ ಬಿದ್ದ ಮುಳ್ಳನ್ನೋ ಕಲ್ಲನ್ನೋ ಬದಿಗೆ ಸರಿಸುವುದೂ ಸದಖಾ ಎಂಬುದು ಮದ್ರಸದ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಈಮಾನಿಗೆ ಎಪ್ಪತ್ತಕ್ಕೂ ಹೆಚ್ಚು ಶಾಖೆಗಳಿವೆ, ಅವುಗಳಲ್ಲಿ ಕೊನೆಯದು ಇದು ಎಂಬ ಹದೀಸನ್ನು ಮತಪ್ರವಚನಗಳಲ್ಲಿ ನಾವು ಎಷ್ಟು ಸಲ ಕೇಳಿಲ್ಲ! ಆದರೆ ಆ ‘ಕೊನೆಯದು’ ಎಂಬ ಮಾತನ್ನು ನಾವು ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಕೊನೆಯದಲ್ವಾ, ಉಳಿದದ್ದೆಲ್ಲ ಆದ ಮೇಲೆ ನೋಡಿದರಾಯ್ತು ಅಂತ.

ಈ ವಾರ ಘಟ್ಟದ ಮೇಲಿನ ಊರುಗಳ ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಕರಾವಳಿಯಿಂದ ಹೋಗಿ ಅಲ್ಲಿ ಅಂಗಡಿ, ಹೋಟೆಲು ಇಟ್ಟುಕೊಂಡು ಬದುಕುವ ನಮ್ಮವರ ಮಕ್ಕಳಿಗೆ ಅದೇ ಈಗ ಊರು. ಮಂಗಳೂರು ರಜೆಗೆ ಹೋಗುವ ಜಾಗ. ಅಲ್ಲಿ ಕಸಬರಿಗೆ ಅನ್ನುತ್ತಾರೆ, ನಮ್ಮಲ್ಲಿ ಹಿಡಿಸೂಡಿ. ಹೆಸರು ಬೇರೆಯಾದರೂ ಅದನ್ನು ಹಿಡಿಯುವ ಕೈ ಯಾರದ್ದು ಎಂಬ ವಿಷಯದಲ್ಲಿ ಎರಡೂ ಕಡೆ ಒಂದೇ ಕತೆ.

ಯುವಕರು ಆದಿತ್ಯವಾರ ಬೆಳಿಗ್ಗೆ ಸೇರಿ ಬೀದಿಯ ಕಸ ಹೆಕ್ಕುವುದು, ಅದರಲ್ಲಿ ಸಿಕ್ಕಿದ ಬಾಟ್ಲಿ, ರಟ್ಟು, ತಗಡನ್ನು ಗುಜರಿಗೆ ಹಾಕಿ ಬಂದ ಹಣವನ್ನು ಬಡ ಮಕ್ಕಳ ಫೀಸಿಗೋ ರೋಗಿಯ ಔಷಧಿಗೋ ಕೊಡುವುದು. ಈ ಯೋಚನೆ ಈಗ ಬಹಳ ಕಡೆ ಇದೆ. ಕೇಳಲು ಚೆನ್ನಾಗಿದೆ. ಊರೂ ಚೊಕ್ಕಟ, ಸದಖಾವೂ ಆಯಿತು. ಆದರೆ ಸ್ವಲ್ಪ ನಿಂತು ನೋಡಬೇಕು. ಗುಜರಿ ವ್ಯಾಪಾರ ನಮ್ಮವರಿಗೆ ಹೊಸದಲ್ಲ. ಬೆಳಕು ಹರಿಯುವ ಮೊದಲೇ ಹೆಗಲಿಗೆ ಗೋಣಿ ಹಾಕಿಕೊಂಡು ಬಂದು ಬಾಟ್ಲಿ ಹೆಕ್ಕುವ ಹೆಂಗಸರು ಯಾರು, ಒಂದು ಗೋಣಿ ತುಂಬಿದರೆ ಅವರಿಗೆ ಎಷ್ಟು ಸಿಗುತ್ತದೆ ಎಂಬುದು ಗುಜರಿ ಅಂಗಡಿಯ ತಕ್ಕಡಿ ಕಂಡವರಿಗೆ ಗೊತ್ತು. ಟೀ ಶರ್ಟ್ ಹಾಕಿದ ನಲ್ವತ್ತು ಹುಡುಗರು ಒಂದು ಬೆಳಿಗ್ಗೆ ಬೀದಿಗೆ ಇಳಿದು ಆ ಬಾಟ್ಲಿಗಳನ್ನೆಲ್ಲ ಎತ್ತಿಕೊಂಡು ಹೋದರೆ ಆ ದಿನ ಆಕೆಯ ಮನೆಯ ಅಕ್ಕಿಯ ಗತಿ ಏನು? ಒಬ್ಬ ಬಡವರ ಕೈಯಿಂದ ತೆಗೆದು ಇನ್ನೊಬ್ಬ ಬಡವರಿಗೆ ಕೊಟ್ಟು ನಡುವೆ ನಾವು ಫೋಟೊ ತೆಗೆಸಿಕೊಂಡ ಹಾಗಾಯಿತು.

ಹಾಗಾದರೆ ಸ್ವಯಂಸೇವಕರಿಗೆ ಉಳಿದದ್ದು ಏನು? ಬಹಳ ಇದೆ. ಗುಟ್ಕಾ ಚೀಟಿ, ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ, ತುಪ್ಪಳ ಎದ್ದ ಪ್ಲಾಸ್ಟಿಕ್ ಚೀಲ, ಒಡೆದ ಥರ್ಮೋಕೋಲ್ ತಟ್ಟೆ. ಇವನ್ನು ಯಾವ ಗುಜರಿಯವನೂ ತೂಕಕ್ಕೆ ಹಾಕುವುದಿಲ್ಲ. ಹಲವು ಪದರದ ಪ್ಲಾಸ್ಟಿಕ್ಕಿಗೆ ಮಾರುಕಟ್ಟೆ ಇಲ್ಲ, ಹಾಗಾಗಿ ಹೆಕ್ಕುವವರೂ ಇಲ್ಲ. ಚರಂಡಿ ಕಟ್ಟುವುದು ಇದೇ, ದನದ ಹೊಟ್ಟೆಗೆ ಹೋಗುವುದು ಇದೇ, ಮೊದಲ ಮಳೆಗೆ ಹೊಳೆ ಸೇರುವುದೂ ಇದೇ. ಮಾರಲು ಬರುವುದನ್ನು ಬೇರೆ ಚೀಲದಲ್ಲಿ ಕಟ್ಟಿ, ಆ ಬೀದಿಯಲ್ಲಿ ದಿನಾ ಹೆಕ್ಕುವವರಿಗೆ ಕೊಟ್ಟುಬಿಡಬೇಕು. ಬೆಲೆ ಇಲ್ಲದ್ದನ್ನು ನಾವು ಎತ್ತಬೇಕು. ಸದಖಾ ಎನ್ನುವುದಾದರೆ ಅದು ಇಲ್ಲಿದೆ.

ಹೊಳೆ ಎಂದೆ. ಆ ಕಡೆಯ ಹೊಳೆ ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ರಾಮದುರ್ಗದ ಮೇಲೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ರೇಣುಕಾಸಾಗರ ಎಂದು ಕರೆಯುವ ಆ ಜಲಾಶಯದಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ಹುಬ್ಬಳ್ಳಿ–ಧಾರವಾಡದ ನಲ್ಲಿಯಲ್ಲಿ ಬರುವುದು ಅದೇ ನೀರು. ನೀರಿನ ಬಳಿ, ಜನ ಕೂರುವ ನೆರಳಿನಲ್ಲಿ, ನಡೆಯುವ ದಾರಿಯಲ್ಲಿ ಹೊಲಸು ಮಾಡುವುದನ್ನು ಪ್ರವಾದಿಯವರು (ಸ) ಶಾಪ ತರುವ ಕೆಲಸ ಎಂದು ಎಚ್ಚರಿಸಿದ್ದಾರೆ. ಅಂದು ಅದು ಮಲಮೂತ್ರದ ಮಾತು. ಪ್ಲಾಸ್ಟಿಕ್ ಆ ಕಾಲದಲ್ಲಿ ಇರಲಿಲ್ಲ ಅಂತ ನಾವು ಪಾರಾಗಲು ಬರುವುದಿಲ್ಲ.

2019ರ ಆಗಸ್ಟ್ ತಿಂಗಳನ್ನು ಎರಡೂ ಕಡೆಯ ಜನ ಮರೆತಿರಲಿಕ್ಕಿಲ್ಲ. ಮಲಪ್ರಭೆ ಉಕ್ಕಿ ರಾಮದುರ್ಗ ಮತ್ತು ಸುತ್ತಲಿನ ಹಳ್ಳಿಗಳಿಗೆ ನೀರು ನುಗ್ಗಿತು. ಅದೇ ತಿಂಗಳು, ಅದೇ ಮಳೆಗೆ, ಮಂಗಳೂರಿನ ಪಚ್ಚನಾಡಿಯಲ್ಲಿ ಕಸದ ಗುಡ್ಡ ಜಾರಿ ಕೆಳಗಿನ ಮಂದಾರಕ್ಕೆ ಇಳಿಯಿತು. ಅಡಿಕೆ ತೋಟ, ತೆಂಗಿನ ತೋಟ, ಮನೆ ಎಲ್ಲ ಕಸದ ಅಡಿಗೆ ಹೋಯಿತು, ಸಂಸಾರಗಳು ಊರು ಬಿಟ್ಟವು. ನಾವು ದಿನಾ ಗೇಟಿನ ಹೊರಗೆ ಇಟ್ಟು ‘ಹೋಯ್ತು’ ಎಂದುಕೊಂಡದ್ದು ಎಲ್ಲಿಗೂ ಹೋಗಿರಲಿಲ್ಲ, ಇನ್ನೊಬ್ಬರ ತೋಟದ ತಲೆಯ ಮೇಲೆ ಕೂತಿತ್ತು. ಘಟ್ಟದ ಮೇಲಿನ ಸಣ್ಣ ಊರುಗಳಿಗೆ ಇನ್ನೂ ಅಷ್ಟು ದೊಡ್ಡ ಗುಡ್ಡ ಇಲ್ಲ. ಅಷ್ಟು ದೊಡ್ಡದಾಗುವ ಮೊದಲೇ ಮಾತಾಡುವುದು ಒಳ್ಳೆಯದು.

ಮಂಗಳೂರಿನಲ್ಲಿ ಒಂದು ಒಳ್ಳೆ ಕೆಲಸವೂ ಆಗಿದೆ. ರಾಮಕೃಷ್ಣ ಮಿಷನ್ನಿನವರು 2015ರಲ್ಲಿ ಸ್ವಚ್ಛ ಮಂಗಳೂರು ಎಂದು ಶುರು ಮಾಡಿದರು. ಒಂದು ದಿನ ಪೊರಕೆ ಹಿಡಿದು ಮುಗಿಸಲಿಲ್ಲ. ವರ್ಷಕ್ಕೆ 40 ಆದಿತ್ಯವಾರ, ವರ್ಷದ ಮೇಲೆ ವರ್ಷ. ಜನ ಕಸ ಸುರಿಯುವ ಮೂಲೆಗಳನ್ನು ಹುಡುಕಿ, ಗುಡಿಸಿ, ಗೋಡೆಗೆ ಬಣ್ಣ ಹೊಡೆದು, ಗಿಡದ ಕುಂಡ ಇಟ್ಟರು. ನಮ್ಮಲ್ಲಿ ಕೆಲವರಿಗೆ ಇದನ್ನು ಇಲ್ಲಿ ಹೇಳುವುದು ಇಷ್ಟ ಆಗಲಿಕ್ಕಿಲ್ಲ. ಒಳ್ಳೆ ಕೆಲಸವನ್ನು ಯಾರು ಮಾಡಿದರೂ ಒಳ್ಳೆಯದೇ ಅನ್ನಲು ನಮಗೆ ಏನು ಕಷ್ಟ? ಅವರಿಂದ ಕಲಿಯಬೇಕಾದ್ದು ಗುಡಿಸುವುದನ್ನಲ್ಲ, ಅದು ಎಲ್ಲರಿಗೂ ಬರುತ್ತದೆ. ಮುಂದಿನ ವಾರ ಮತ್ತೆ ಬರುವುದನ್ನು ಕಲಿಯಬೇಕು. ನಮ್ಮ ಸಂಘಟನೆಗಳು ನೆರೆ ಬಂದಾಗ ದೋಣಿ ಹಿಡಿದು ನುಗ್ಗುತ್ತವೆ, ರಕ್ತದಾನಕ್ಕೆ ಸಾಲು ನಿಲ್ಲುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಸದ್ದಿಲ್ಲದ, ಮುಗಿಯದ ಕೆಲಸ ಬಂದಾಗ ಮಾತ್ರ ನಮ್ಮ ಕಾಲು ಹಿಂದೆ.

ಇನ್ನು ಯಾರ ಬೀದಿಯಿಂದ ಶುರು ಮಾಡುವುದು? ನಮ್ಮದರಿಂದ. ಮೀಲಾದ್ ಜಾಥಾ ಹೋದ ದಾರಿಯನ್ನು ಅರ್ಧ ಗಂಟೆ ಬಿಟ್ಟು ಯಾರಾದರೂ ನೋಡಿದ್ದೀರಾ? ಶರ್ಬತ್ತಿನ ಕಪ್ಪು, ಐಸ್ ಕ್ಯಾಂಡಿಯ ಕವರು, ಮಿಠಾಯಿ ಕಾಗದ. ಮಕ್ಕಳಿಗೆ ಸಿಹಿ ಕೊಟ್ಟದ್ದಕ್ಕೆ ಸವಾಬು ಬೇಡಿದ ಕೈಯೇ ದಾರಿಯಲ್ಲಿ ನಡೆಯುವವರಿಗೆ ಕಸ ಬಿಟ್ಟು ಹೋಗಿರುತ್ತದೆ. ವಲೀಮದ ಊಟದಲ್ಲಿ ಎರಡು ಗುಟುಕಿನ ನೀರಿನ ಬಾಟ್ಲಿ, ಅದರಲ್ಲೂ ಒಂದು ಗುಟುಕು ಕುಡಿದು ಬಿಟ್ಟದ್ದು. ಸ್ಟೀಲ್ ಲೋಟ ತೊಳೆಯಲು ಇಬ್ಬರನ್ನು ಇಟ್ಟರೆ ಬಿರಿಯಾನಿಯ ಲೆಕ್ಕದಲ್ಲಿ ಅದು ಎಷ್ಟರ ಖರ್ಚು? ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಎಲ್ಲವನ್ನೂ ಕರ್ನಾಟಕ ಸರಕಾರ 2016ರಲ್ಲೇ ನಿಷೇಧಿಸಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಇಂಥ ಹಲವು ಸಾಮಾನುಗಳಿಗೆ ದೇಶಕ್ಕೇ ನಿಷೇಧ ಬಂದಿದೆ. ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಉತ್ತರವಲ್ಲ. ಅಂಗಡಿಯಲ್ಲಿ ಸಿಗುವುದನ್ನೆಲ್ಲ ನಾವು ತಿನ್ನುತ್ತೇವಾ?

2016ರ ಘನತ್ಯಾಜ್ಯ ನಿಯಮದಲ್ಲಿ ಇನ್ನೊಂದು ಮಾತಿತ್ತು, ನಮ್ಮ ಕಮಿಟಿಯವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಯಾವುದೇ ಕಾರ್ಯಕ್ರಮವನ್ನು ಪುರಸಭೆಗೋ ಪಂಚಾಯತಿಗೋ ಕನಿಷ್ಠ ಮೂರು ಕೆಲಸದ ದಿನ ಮೊದಲು ತಿಳಿಸಬೇಕಿತ್ತು, ಅಲ್ಲಿನ ಕಸವನ್ನು ಬೇರೆ ಮಾಡಿ ಕೊಡುವ ಹೊಣೆ ಕಾರ್ಯಕ್ರಮ ಮಾಡಿದವರದ್ದಾಗಿತ್ತು. ಅಂಥ ಜಾಗದಲ್ಲಿ ನಡೆಯುವ ಉರೂಸ್, ಮೀಲಾದ್, ನಿಕಾಹ್ ಎಲ್ಲಕ್ಕೂ ಇದು ಅನ್ವಯವಾಗುತ್ತಿತ್ತು. ಮೈಕಿನ ಪರ್ಮಿಶನಿಗೆ ಠಾಣೆಗೆ ಓಡುವ ನಾವು ಕಸಕ್ಕಾಗಿ ಪುರಸಭೆಯ ಮೆಟ್ಟಿಲು ಹತ್ತುವುದಿಲ್ಲ. ಯಾಕೆಂದರೆ ಮಾರನೇ ದಿನ ಯಾರೋ ಬಂದು ಎತ್ತುತ್ತಾರೆ ಎಂಬ ಧೈರ್ಯ ಇದೆ.

ಆ ‘ಯಾರೋ’ ಎಷ್ಟು ಜನ? ರಾಜ್ಯದ ಲೆಕ್ಕ 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ. ಬೈಲಹೊಂಗಲದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 49 ಸಾವಿರ. ಲೆಕ್ಕ ಹಾಕಿದರೆ ಇಡೀ ಊರಿಗೆ 70 ಜೊತೆ ಕೈ. ಅದೂ ಹದಿನಾಲ್ಕು ವರ್ಷಕ್ಕಿಂತ ಹಳೆಯ ಜನಗಣತಿ. ಆ ಕೈಗಳು ಯಾವ ಕೇರಿಯಿಂದ ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಜಾತಿ ಇಲ್ಲ ಎಂದು ಮಿಂಬರಿನಿಂದ ಹೇಳುವ ನಾವು ಪೊರಕೆಯ ವಿಷಯ ಬಂದಾಗ ಸಲೀಸಾಗಿ ಊರಿನ ಉಳಿದವರ ಹಾಗೆಯೇ ಆಗಿಬಿಡುತ್ತೇವೆ.

ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದ ಒಂದು ಘಟನೆ ಇದೆ. ಪ್ರವಾದಿಯವರ (ಸ) ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಕಪ್ಪು ಮಹಿಳೆ ತೀರಿಕೊಂಡರು. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ತೊಂದರೆ ಕೊಡುವುದು ಎಂದು ಸಹಾಬಿಗಳು ಪ್ರವಾದಿಯವರಿಗೆ ತಿಳಿಸದೆ ದಫನ್ ಮಾಡಿದರು. ಆಕೆ ಕಾಣುವುದಿಲ್ಲವಲ್ಲ ಎಂದು ಪ್ರವಾದಿಯವರೇ ವಿಚಾರಿಸಿದರು. ವಿಷಯ ತಿಳಿದಾಗ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿ, ಖಬರನ್ನು ತೋರಿಸಲು ಹೇಳಿ, ಅಲ್ಲಿ ಹೋಗಿ ನಮಾಝ್ ಮಾಡಿದರು. ನಮ್ಮ ಮಸೀದಿಗಳ ಗೋಡೆಯಲ್ಲಿ ಫ್ಯಾನ್ ಕೊಟ್ಟವರ ಹೆಸರಿದೆ, ಟೈಲ್ಸ್ ಕೊಟ್ಟವರ ಹೆಸರಿದೆ. ಹೌಳ್ ತೊಳೆಯುವವರು ಎರಡು ದಿನ ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಸಿಟ್ಟಿನಲ್ಲಿ ಕೇಳುವವರೇ ಜಾಸ್ತಿ.

ಬೆಳಗಾವಿ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹಿರಿಮೆ ಇದೆ. 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಗಾಂಧೀಜಿ ಅಲ್ಲಿನ ಪಾಯಿಖಾನೆಯ ಹೊಲಸು ಕಂಡು ಸ್ವಯಂಸೇವಕರನ್ನು ಕೇಳಿದಾಗ, ಅದು ನಮ್ಮ ಕೆಲಸವಲ್ಲ, ಝಾಡಮಾಲಿಗಳದ್ದು ಎಂಬ ಉತ್ತರ ಬಂತು. ಅವರೇ ಪೊರಕೆ ಕೇಳಿ ಪಡೆದು ಶುಚಿ ಮಾಡಿದರು. 23 ವರ್ಷದ ನಂತರ, 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅವರೇ ಅಧ್ಯಕ್ಷರಾದ ಅಧಿವೇಶನದಲ್ಲಿ ಕಾಕಾ ಕಾಲೇಲ್ಕರರ ಮುಂದಾಳುತನದಲ್ಲಿ ಸ್ವಯಂಸೇವಕರೇ, ಅದರಲ್ಲೂ ಮೇಲುಜಾತಿಯ ಹುಡುಗರು, ಆ ಕೆಲಸವನ್ನು ಕೈಯಾರೆ ಮಾಡಿದರು. 2024ರಲ್ಲಿ ಆ ಅಧಿವೇಶನದ ನೂರನೇ ವರ್ಷವನ್ನು ದೀಪಾಲಂಕಾರದೊಂದಿಗೆ ಆಚರಿಸಲಾಯಿತು. ಪೊರಕೆಯ ಆ ಭಾಗ ಭಾಷಣಗಳಲ್ಲಿ ಹೆಚ್ಚು ಕೇಳಲಿಲ್ಲ.

ನಮ್ಮ ಬೀದಿ ಆದ ಮೇಲೆ ಇತರರ ಜಾಗ. ಇಲ್ಲಿ ಹುಷಾರಾಗಿ ಹೆಜ್ಜೆ ಇಡಬೇಕು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಗುಡ್ಡದಲ್ಲೇ ಅಡುಗೆ ಮಾಡಿ ಉಣ್ಣುತ್ತಾರೆ. ಜಾತ್ರೆ ಇಳಿದ ಮೇಲೆ ಉಳಿಯುವ ಕಸ ಎಷ್ಟೆಂದು ಹೇಳಬೇಕಾಗಿಲ್ಲ. ಗುಡ್ಡದ ಅಭಿವೃದ್ಧಿಗೆ ಕೇಂದ್ರದಿಂದ ಸುಮಾರು 100 ಕೋಟಿ ಮಂಜೂರಾಗಿದೆ, ಪ್ರತ್ಯೇಕ ಮಂಡಳಿಯೂ ಆಗಿದೆ. ಆದರೂ ಬಿದ್ದ ಪ್ಲಾಸ್ಟಿಕ್ಕನ್ನು ಬಗ್ಗಿ ಎತ್ತಲು ಮನುಷ್ಯರೇ ಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಬಳೆ ಮಾರುವವರಲ್ಲಿ ಮುಸ್ಲಿಮರು ಇರುವುದು ಹೊಸತಲ್ಲ. ಜಾತ್ರೆಯಿಂದ ದುಡಿದವರು ಜಾತ್ರೆಯ ಮಾರನೇ ದಿನ ಒಂದು ಗಂಟೆ ಕೊಟ್ಟರೆ ಅದು ಉಪಕಾರವಲ್ಲ, ಬಾಕಿ ಚುಕ್ತಾ. ಆದರೆ ಬ್ಯಾನರ್ ಕಟ್ಟಿಕೊಂಡು ಹೋಗಬಾರದು. ಮೊದಲು ದೇವಸ್ಥಾನದ ಆಡಳಿತದವರನ್ನು ಕೇಳಿ, ಅವರು ತೋರಿಸಿದ ಕಡೆ, ವಾಹನ ನಿಲ್ಲುವ ಜಾಗವೋ ರಸ್ತೆ ಬದಿಯೋ, ಅಷ್ಟೇ ಮಾಡಿ ಬರಬೇಕು. ಈಗಿನ ಕಾಲದಲ್ಲಿ ಒಳ್ಳೆ ಮನಸ್ಸಿನಿಂದ ಹೋದದ್ದೂ ಮೊಬೈಲಿನಲ್ಲಿ ಬೇರೆಯೇ ಬಣ್ಣ ಪಡೆಯುತ್ತದೆ. ಬೇಡ ಎಂದರೆ ಬೇಜಾರಿಲ್ಲದೆ ವಾಪಸ್ ಬರುವುದು.

ಹೀಗೆ ಹೇಳಲು ಧೈರ್ಯ ಬರುವುದೂ ಆ ಭಾಗದ್ದೇ ಒಂದು ಊರಿನಿಂದ. ಸವದತ್ತಿ ಸೀಮೆಯ ಹಿರೇಬಿದನೂರಿನಲ್ಲಿ ಮುಸ್ಲಿಮ್ ಮನೆ ಒಂದೂ ಇಲ್ಲ, ಆದರೆ ಒಂದು ಮಸೀದಿ ಇದೆ. ಅದನ್ನು ನೋಡಿಕೊಳ್ಳುವವರು, ಅಲ್ಲಿ ಮುಹರ್ರಂ ಆಚರಿಸುವವರು ಊರಿನ ಹಿಂದೂಗಳು. 2022ರಲ್ಲಿ ಇದು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆ ಆಚರಣೆಯ ಬಗ್ಗೆ ನಮ್ಮ ಉಲಮಾಗಳ ಮಾತು ಬೇರೆ ಇದೆ, ಅದು ಇಲ್ಲಿಯ ಚರ್ಚೆಯಲ್ಲ. ನಮ್ಮವರು ಯಾರೂ ಇಲ್ಲದ ಊರಿನಲ್ಲಿ ನಮ್ಮ ಮಸೀದಿಯ ಅಂಗಳವನ್ನು ಯಾರೋ ಗುಡಿಸುತ್ತಿದ್ದಾರೆ ಎಂಬುದಷ್ಟೇ ಇಲ್ಲಿಗೆ ಬೇಕಾದ್ದು.

ಕಿತ್ತೂರಿನವರಿಗೆ ಅಕ್ಟೋಬರ್ 23ರಿಂದ ಉತ್ಸವ ಇದೆ, ಕೋಟೆಯ ಸುತ್ತ ಮೂರು ದಿನ ಜನಸಾಗರ. ಅಲ್ಲಿ ಸೇರಿಕೊಳ್ಳಲು ಯಾರ ಸಂಕೋಚವೂ ಬೇಡ.

ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ಮಾತು. ಬರಿಗೈಯಲ್ಲಿ ಹೆಕ್ಕಬೇಡಿ, ಗಾಜು ಮತ್ತು ಸೂಜಿ ಇರುತ್ತದೆ. ಗ್ಲೌಸು, ಚೀಲದ ಖರ್ಚನ್ನು ಕಮಿಟಿ ಕೊಡಲಿ. ಸಣ್ಣ ಮಕ್ಕಳನ್ನು ಚರಂಡಿಗೆ ಇಳಿಸಬೇಡಿ. ಒಟ್ಟು ಮಾಡಿದ್ದಕ್ಕೆ ಮೂಲೆಯಲ್ಲಿ ಬೆಂಕಿ ಹಾಕುವುದು ಬೇಡವೇ ಬೇಡ, ಆ ಹೊಗೆ ಮೊದಲು ಹೋಗುವುದು ಪಕ್ಕದ ಮನೆಯ ತೊಟ್ಟಿಲಿಗೆ. ಕಸದ ಗಾಡಿ ಎಷ್ಟು ಹೊತ್ತಿಗೆ, ಎಲ್ಲಿಗೆ ಬರುತ್ತದೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಇಪ್ಪತ್ತು ಚೀಲ ಅದೇ ಬೀದಿಯಲ್ಲಿ ಮೂರು ದಿನ ಕೂತು ನಾಯಿಗಳ ಪಾಲಾಗುತ್ತದೆ.

ಶುರು ಮಾಡಲು ಒಂದು ದಿನ ಬೇಕಿದ್ದರೆ ಸೆಪ್ಟೆಂಬರ್ 23 ಇದೆ, ಪೌರಕಾರ್ಮಿಕರ ದಿನ. ಅಂದು ಅವರಿಗೆ ಶಾಲು, ಹಾರ, ಆಟೋಟ, ಊಟ ಎಂದು ಪುರಸಭೆಗಳಲ್ಲಿ ಕಾರ್ಯಕ್ರಮ ನಡೆಯುತ್ತದೆ. ಅವರು ಅಲ್ಲಿ ಕುರ್ಚಿಯಲ್ಲಿ ಕೂತಿರುವಾಗ ಬೀದಿ ಗುಡಿಸುವವರು ಯಾರು? ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪುರಸಭೆಗಳಿಗೆ, ಕಿತ್ತೂರಿನ ಪಟ್ಟಣ ಪಂಚಾಯತಿಗೆ ಜಮಾಅತಿನಿಂದ ಒಂದು ವಾರ ಮೊದಲು ಪತ್ರ ಹೋಗಲಿ: ಅಂದು ಸುಬಹಿ ನಮಾಝ್ ಮುಗಿಸಿ ನಾವು ಇಷ್ಟು ಜನ ಬರುತ್ತೇವೆ, ಯಾವ ವಾರ್ಡು ಎಂದು ಹೇಳಿ.