ನಮ್ಮಮ್ಮ ಕುಡಿಯಲ್ಲ. ಆದ್ರೂ ಫ್ಯಾಟಿ ಲಿವರ್.

1/5
ಹೋದ ತಿಂಗಳು ತುಮಕೂರಲ್ಲಿ ಅಮ್ಮಂಗೆ ಹೊಟ್ಟೆ ಸ್ಕ್ಯಾನ್ ಮಾಡಿಸಿದ್ವಿ. ‘ಫ್ಯಾಟಿ ಲಿವರ್, ಗ್ರೇಡ್ 2’ ಅಂತ ಬಂತು. ತೋವಿನಕೆರೆಗೆ ವಾಪಸ್ ಬರೋ ಬಸ್ಸಲ್ಲಿ ಅಮ್ಮ ಹೇಳಿದ್ದು ಒಂದೇ ಮಾತು: ‘ಯಾರಿಗೂ ಹೇಳ್ಬೇಡ, ಕುಡೀತಾಳೆ ಅನ್ಕೋತಾರೆ.’ ರಿಪೋರ್ಟ್ ಅಕ್ಕಿ ಡಬ್ಬದ ಕೆಳಗೆ ಹೋಯ್ತು. ಅಮ್ಮ ಒಪ್ಪಿದ ಮೇಲೇ ಇದನ್ನ ಬರೀತಿದ್ದೀನಿ.

2/5
ಲಿವರ್ ಹೋಯ್ತು ಅಂದ್ರೆ ಎಣ್ಣೆ ಅನ್ನೋ ನಿಮ್ಮ ಲೆಕ್ಕ ತಪ್ಪು. ನಾನು ಬಿಕಾಂ, ನನ್ನ ಭಾಷೇಲೇ ಹೇಳ್ತೀನಿ. ಲಿವರ್ ಒಂದು ಗೋಡೌನ್. ಖರ್ಚಿಗಿಂತ ಜಮಾ ಜಾಸ್ತಿ ಆದ್ರೆ ಸಕ್ಕರೆನ ಕೊಬ್ಬು ಮಾಡಿ ಇಟ್ಕೊಳ್ಳುತ್ತೆ. ಅದು ಫ್ಯಾಕ್ಟರಿನೂ ಹೌದು. ರಕ್ತದ ಎಷ್ಟೋ ಪ್ರೋಟೀನ್ ಅಲ್ಲೇ ತಯಾರಾಗೋದು. ಗೋಡೌನಲ್ಲಿ ಕೊಬ್ಬು ತುಂಬಿದ್ರೆ ಫ್ಯಾಕ್ಟರಿ ಸರಕೇ ಬದಲಾಗುತ್ತೆ. ಫೆಟುಯಿನ್-ಎ ಅನ್ನೋ ಪ್ರೋಟೀನ್ ಜಾಸ್ತಿ ಆಗಿ ಇನ್ಸುಲಿನ್ ಸಿಗ್ನಲ್‌ಗೆ ಅಡ್ಡ ಬರುತ್ತೆ. ಎಸ್‌ಎಚ್‌ಬಿಜಿ ಅನ್ನೋದು ಕಮ್ಮಿಯಾಗುತ್ತೆ. ಹಿಂಗಿರೋರಿಗೆ ಮುಂದೆ ಟೈಪ್ 2 ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಹೆಚ್ಚು.

3/5
‘ಅದು ದಪ್ಪ ಇರೋರಿಗೆ ತಾನೇ?’ ಅಂತೀರಾ. ನಮ್ಮ ದೇಶದವರಿಗೆ ಬಿಎಂಐ 23 ದಾಟಿದ್ರೇ ಅಧಿಕ ತೂಕ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇಂಥೋರು ನಮ್ಮ ಕ್ಲಾಸಲ್ಲೇ ಎಷ್ಟು ಜನ ಇದ್ದೀವಿ, ಎಣಿಸಿ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ವರದಿ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರೋರು ಸುಮಾರು 10.1 ಕೋಟಿ. ಅಷ್ಟೂ ಜನ ಬಾರ್‌ನಿಂದ ಬಂದ್ರಾ?

4/5
ಅದೇ 2023ರಲ್ಲಿ ಜಗತ್ತಿನ ಲಿವರ್ ತಜ್ಞರು ಕಾಯಿಲೆ ಹೆಸರನ್ನೇ ಬದಲಾಯಿಸಿದ್ರು. ‘ಫ್ಯಾಟಿ’, ‘ಆಲ್ಕೊಹಾಲಿಕ್’ ಅನ್ನೋ ಪದಗಳಿಂದ ರೋಗಿಗಳಿಗೆ ಅವಮಾನ ಆಗುತ್ತೆ ಅನ್ನೋದೂ ಒಂದು ಕಾರಣ. ಡಾಕ್ಟರುಗಳಿಗೆ ಅರ್ಥ ಆಗಿದ್ದು ನಮ್ಮೂರ ಕಟ್ಟೆಗೆ ಅರ್ಥ ಆಗಿಲ್ಲ. ನಾನೂ ಒಬ್ಬ ಮಾವನ್ನ ಹಿಂಗೇ ಆಡ್ಕೊಂಡು ನಕ್ಕಿದ್ದೆ, ತಪ್ಪಾಯ್ತು. ಶುರುವಲ್ಲಿ ಈ ಕಾಯಿಲೆಗೆ ನೋವಿಲ್ಲ, ಲಕ್ಷಣವೂ ಕಮ್ಮಿ. ಅದರ ಮೇಲೆ ನಾಚಿಕೆನೂ ಸೇರಿದ್ರೆ ಟೆಸ್ಟ್ ಮಾಡಿಸೋರು ಯಾರು?

5/5
ಇನ್ನು ರೀಲ್ಸಲ್ಲಿ ‘ಲಿವರ್ ಡಿಟಾಕ್ಸ್’ ಪುಡಿ ಮಾರೋ ಅಣ್ಣಂದಿರೇ, ಲಿವರ್ ಏನು ಪಾತ್ರೆನಾ, ಪುಡಿ ಹಾಕಿ ತೊಳೆಯೋಕೆ? ತೂಕ ಜಾಸ್ತಿ ಇರೋರು ನಿಧಾನಕ್ಕೆ ನೂರಕ್ಕೆ 7ರಿಂದ 10 ಭಾಗ ಇಳಿಸಿದ್ರೆ ಕೊಬ್ಬೂ ಊತವೂ ಕಮ್ಮಿಯಾಗುತ್ತೆ. 70 ಕೆಜಿ ಇದ್ರೆ 5ರಿಂದ 7 ಕೆಜಿ. ಬೇಕರಿ ಜ್ಯೂಸ್ ಬಿಡಿ, ನಡೀರಿ, ಡಾಕ್ಟರನ್ನ ಕೇಳಿ.

ರಿಪೋರ್ಟ್ ಈಗ ಡಬ್ಬದ ಕೆಳಗಿಲ್ಲ, ಕ್ಯಾಲೆಂಡರ್ ಪಕ್ಕ ನೇತಾಡ್ತಿದೆ. ಮನೆಗೆ ಬಂದೋರು ಓದ್ಲಿ. ನಗೋರು ಮೊದಲು ತಮ್ಮ ಹೊಟ್ಟೆಗೆ ಟೇಪ್ ಹಿಡೀಲಿ.

#ತೋವಿನಕೆರೆ #ನಾಚಿಕೆಬಿಡಿ