ಸೊಸಿ ಬಂಗ್ಡೆ ಅಂದ್ರ ನಗಬ್ಯಾಡ್ರಿ

ಅಕ್ಕಾರ, ನಮ್ಮ ಬಳಗಾನೂರಾಗ ಮೀನಂದ್ರ ಕೆರಿ, ಕಾಲುವಿ, ಹೊಳಿ ಮೀನು. ಸಮುದ್ರದ್ದು ಬೇಕಂದ್ರ ಸಿಂಧನೂರಿಗೆ ಹೋಗಿ, ಐಸಿನ್ಯಾಗ ಬಂದದ್ದನ್ನ ತರಬೇಕು.

ನನ್ನ ಸೊಸಿ ಕುಂದಾಪುರ ಕಡೀಕಿ. ಮದುವಿಯಾದ ಹೊಸದಾಗ ಆಕಿನ್ನ ಕರಕೊಂಡು ಹೋಗಿದ್ದೆ. "ಬಂಗ್ಡೆ ಇದ್ಯಾ?" ಅಂತ ಕೇಳಿದ್ಲು. ಮೀನು ಮಾರಾಕಿ ತೆಲುಗು ಕ್ಯಾಂಪಿನಾಕಿ. "ಬಂಗ್ಡೆ ಇಲ್ಲಮ್ಮ, ಕಾನಾಗಂತ ಐತಿ" ಅಂದ್ಲು. ನಾನು "ನಿಮ್ಮೂರ ಮಾತು ಇಲ್ಲಿ ನಡ್ಯಂಗಿಲ್ಲವಾ" ಅಂತ ನಕ್ಕೆ. ಸುತ್ತ ನಿಂತವರೂ ನಕ್ರು. ಸೊಸಿ ಬುಟ್ಟ್ಯಾಗ ಇಣಿಕಿ, ಬೆನ್ನುದ್ದಕ್ಕೂ ಇದ್ದ ಕರಿ ಗೆರಿ ತೋರಿಸಿ, "ಅತ್ತೆ, ಇದೇ ಬಂಗ್ಡೆ" ಅಂತ ಸಣ್ಣ ದನಿಲೆ ಅಂದ್ಲು. ಆಮ್ಯಾಲೆ ಬಾಳ ದಿನ ಆ ಹೆಸರು ಎತ್ತಲಿಲ್ಲ. ಬರೇ "ಮೀನು" ಅಂತಿದ್ಲು.

ಒಂದ ಮೀನಿಗೆ ಎಷ್ಟು ಹೆಸರು ನೋಡ್ರಿ. ತುಳುವಿನ್ಯಾಗ ಬಂಗುಡೆ, ಮರಾಠ್ಯಾಗ ಬಾಂಗಡಾ, ಮಲಯಾಳದಾಗ ಅಯಲ. ಮೊನ್ನೆ ಮಗ ಫೋನಿನ್ಯಾಗ ಓದಿ ಹೇಳಿದ. ರಸೆಲ್ ಅನ್ನೋ ಸ್ಕಾಟ್ಲೆಂಡಿನ ದೊರಿ ವಿಶಾಖಪಟ್ಟಣದ ಕಡಿ ಮೀನು ನೋಡಿ, ಅಲ್ಲಿಯವರು ಅಂದಂಗನ "ಕಾನಗುರ್ತ" ಅಂತ 1803ರ ಪುಸ್ತಕದಾಗ ಬರದಿದ್ದನಂತ. 1816ರಾಗ ಫ್ರಾನ್ಸಿನ ಕುವಿಯೇ ಅನ್ನೋ ಪಂಡಿತ ಶಾಸ್ತ್ರಕ್ಕೂ ಅದ ಹೆಸರು ಇಟ್ಟ. ಇವತ್ತಿಗೂ ಅದ ಐತಿ.

ಕೇಳಿ ನನಗ ನಾಚಿಕಿ ಆತು. ಪರದೇಶದವ್ರು ಮೀನು ಹಿಡಿಯೋರ ಮಾತು ಇದ್ದಂಗ ಇಟಗೊಂಡ್ರು. ನಾನು ನನ್ನ ಮನಿ ಸೊಸಿದು ಒಂದು ಮಾತು ಇಟಗೊಳ್ಳಲಿಲ್ಲ.

"ಸೊಸಿ ಬಂದ ಮನಿ ಮಾತು ಕಲೀಬೇಕು" ಅಂತೀರಿ. ಖರೆ. ಆಕಿ ಕಲ್ತಾಳ, ಶೇಂಗಾ ಅಂತಾಳ, ಪುಂಡಿಪಲ್ಯೆ ಅಂತಾಳ. ಆದ್ರ ತನ್ನದು ಬಿಡಬೇಕು ಅನ್ನೋದು ಯಾವ ನ್ಯಾಯ? ನಮ್ಮ ಮಗಳು ಕರಾವಳಿಗೆ ಹೋಗಿ ಶೇಂಗಾ ಅಂದಾಗ ಅಲ್ಲಿಯವರು ನಕ್ರ ನಮ್ಮ ಹೊಟ್ಟಿ ಉರಿಯಂಗಿಲ್ಲೇನು?

ಸಂತ್ಯಾಗ ಹೆಸರು ತಿಳೀಲಿಲ್ಲಂದ್ರ ಬೆನ್ನಿನ ಗೆರಿ ನೋಡಿ ತೊಗೊರ್ರಿ, ಕಿವಿರು ಕೆಂಪಗ ಐತೇನು ನೋಡ್ರಿ. ಮನ್ಯಾಗ ಮಾತ್ರ ಎರಡೂ ಹೆಸರು ಇರಲಿ. ಈಗ ನಾನ ಮೊಮ್ಮಗಳಿಗೆ "ನಿಮ್ಮವ್ವ ಬಂಗ್ಡೆ ಸಾರು ಮಾಡ್ಯಾಳ, ಉಣ್ಣು ಬಾ" ಅಂತ ಕರೀತೀನಿ. ಸೊಸಿ ಏನೂ ಅನ್ನಂಗಿಲ್ಲ. ನನಗ ಒಂದು ತುಂಡು ಜಾಸ್ತಿ ಹಾಕ್ತಾಳ.